ಎಮ್ಮೆಗೂ ‘ರಿ’ ಹಚ್ಚಿದ ಧಾರಾವಾಹಿ

ಧಾರಾವಾಹಿಯೊಂದು ಪಾತ್ರಕ್ಕೆ ಮಾಡಿದ ತಪ್ಪು ಆಯ್ಕೆಯ ಫಲ ಉಂಡವಳು ಇಳಕಲ್ಲಿನ ನಮ್ಮ ಸೋದರತ್ತೆ. ನಾಟಕ ಕಂಪನಿ ಮುಚ್ಚಿದ ಮೇಲೆ ಒಂಟಿಯಾಗಿದ್ದ ಆ ನಟಿಗೆ, ಎಂಬತ್ತರ ದಶಕದ ಕೊನೆಯಲ್ಲಿ, ಟೀವಿ ಧಾರಾವಾಹಿಯವರು ಒಂದೇ ಕಂತಿನ ಪಾತ್ರವೊಂದಕ್ಕೆ ಮಾತು ಕೊಟ್ಟು ಹೋಗಿದ್ದರು. ಅದು ನಮ್ಮ ಸೀಮೆಯ ನೇಕಾರ ತಾಯಿಯ ಪಾತ್ರ. ಆಮೇಲೆ ಸುದ್ದಿಯೇ ಇರಲಿಲ್ಲ. “ಕರೀತಾರ, ತಡಿ” ಎನ್ನುತ್ತ ಅವಳು ಒಲೆಯ ಮುಂದೆ ಕೂತು ತಾಲೀಮು ನಡೆಸುತ್ತಿದ್ದಳು. ಅವಳ ಮನೆಯಲ್ಲಿದ್ದು ಓದುತ್ತಿದ್ದ ನಾನೇ ಕೇಳುಗ.

ಕಂತು ಬಂದ ಸಂಜೆ ನೆರೆಮನೆಯ ಟೀವಿಯ ಮುಂದೆ ಓಣಿಯೇ ಸೇರಿತ್ತು. ತೆರೆಯ ಮೇಲೆ ತಾಯಿಯಾಗಿ ಬಂದವಳು ಬೆಂಗಳೂರಿನ ಹೆಸರುವಾಸಿ ನಟಿ. ಎಲ್ಲಕ್ಕೂ ‘ರಿ’ ಹಚ್ಚಿದರೆ ನಮ್ಮ ಮಾತಾಗುತ್ತದೆಂದು ಯಾರೋ ಅವಳಿಗೆ ಕಲಿಸಿದ್ದರು. ಹೆತ್ತ ಮಗನಿಗೆ “ಉಣ್ರಿ” ಎಂದಳು. ಬಾಗಿಲಿಗೆ ಅಡ್ಡ ನಿಂತ ಎಮ್ಮೆಗೂ “ಸರೀರಿ” ಎಂದಳು.

ಓಣಿ ನಕ್ಕಿತು. ನೆರೆಮನೆಯಾಕೆ ಅತ್ತೆಯತ್ತ ತಿರುಗಿ, “ಯಕ್ಕಾ, ಎಮ್ಮಿಗೂ ಮರ್ಯಾದಿ ಕೊಟ್ಟಾರ ನೋಡು, ನಿನಗಷ್ಟ ಕೊಡಲಿಲ್ಲ” ಎಂದು ಕೆಣಕಿದಳು.

“ಅದು ನನ್ನಂಗ ಹಾದಿ ಕಾದಿರಲಿಲ್ಲ ಬಿಡವಾ” ಎಂದು ಅತ್ತೆಯೂ ನಕ್ಕಳು. ಕಂತು ಮುಗಿಯುವ ಮುಂಚೆಯೇ ಎದ್ದು ಒಬ್ಬಳೇ ಮನೆಗೆ ಹೋದಳು. ಮರುದಿನದಿಂದ ಒಲೆಯ ಮುಂದೆ ತಾಲೀಮಿನ ದನಿ ಕೇಳಲಿಲ್ಲ.

ನಮ್ಮ ನುಡಿಯನ್ನು ಅರಿಯದೆ ಬಳಸಿದ್ದು ತಪ್ಪು. ಕಾಯುತ್ತಿದ್ದವಳಿಗೆ ಒಂದು ಮಾತೂ ತಿಳಿಸದಿದ್ದದ್ದು ಅನ್ಯಾಯ. ಪಾತ್ರ ಹಂಚುವ ನಿರ್ದೇಶಕರೇ, ನಮ್ಮ ಸೀಮೆಯ ಪಾತ್ರಕ್ಕೆ ಮೊದಲು ನಮ್ಮ ಸೀಮೆಯ ಕಲಾವಿದರನ್ನು ಕರೆಯಿರಿ. ಮಾತು ಕೊಟ್ಟವರನ್ನು ಕೈಬಿಡುವುದಾದರೆ, ಪ್ರಸಾರಕ್ಕೆ ಮುಂಚೆ ಅವರ ಮನೆಗೆ ಬಂದು ಹೇಳಿರಿ.