ಕೈ ಬಿಟ್ಟರೂ ನಿಲ್ಲುವ ವಿಂಚ್

ಅಥವಾ ಭಾರ ಎತ್ತಿ ಇಳಿಸಲು ಕೈಯಿಂದ ತಿರುಗಿಸುವ ವಿಂಚ್ ಸಾಕೆಂದು ಮೊದಲು ಅಂದವನು ನಾನೇ ಇರಬಹುದು. ಹೈಡ್ರಾಲಿಕ್ ಹಾಕಿಸು ಎಂದು ನಾನು ಬಡಕೊಂಡೆ, ಅಣ್ಣ ಕೇಳಲಿಲ್ಲ ಎಂದೇ ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಅದು ನುಣ್ಣಗಾಗಿದೆ. ನುಣ್ಣಗಾದ ನೆನಪನ್ನು ನಾನು ನಂಬುವುದಿಲ್ಲ.

ಖಚಿತವಾಗಿ ಗೊತ್ತಿರುವುದು ಸ್ವಲ್ಪ. ಅಣ್ಣ ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿದ್ದ, ನಾನು ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ. ಅವನ ಕೈಗಳ ಸ್ನಾಯು ಕರಗತೊಡಗಿತ್ತು. ಮುಂದೆ ಕಾಲೂ ಹೋಗುತ್ತದೆ, ಗಾಲಿಕುರ್ಚಿ ಬೇಕಾಗುತ್ತದೆ, ಔಷಧವಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ವಾರವೋ, ಮುಂದಿನ ತಿಂಗಳೋ, ಅವನು ನನಗೊಂದು ವಿಡಿಯೊ ಕಳಿಸಿದ. ಯಾವುದೋ ಚಳಿದೇಶದ ಹೆಪ್ಪುಗಟ್ಟಿದ ಕೆರೆ. ಗಾಲಿಗಳ ಪುಟ್ಟ ಮನೆಯೊಂದನ್ನು ಕಾರಿನ ಹಿಂದೆ ಕಟ್ಟಿ ಅದರ ಮೇಲೆ ಎಳೆದು ತರುತ್ತಾರೆ. ಗಾಲಿಗಳನ್ನು ಮೇಲಕ್ಕೆತ್ತಿದರೆ ಮನೆ ಮಂಜುಗಡ್ಡೆಗೆ ತಾಗಿ ಕೂರುತ್ತದೆ. ಒಳಗಿದ್ದವರು ನೆಲದ ತೂತಿನಲ್ಲಿ ಗಾಳ ಬಿಟ್ಟು ಮೀನು ಹಿಡಿಯುತ್ತಾರೆ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಹೊಸ್ತಿಲೊಳಗೆ ತಂದವರಿಲ್ಲ.

"ಮೀನು ಮುಟ್ಟಂಗಿಲ್ಲ, ಮೀನು ಹಿಡಿಯೋ ಮನಿ ಕಟ್ಟಾಕ ಹೊಂಟಾರ ನಿಮ್ಮಣ್ಣ," ಎಂದು ಅತ್ತಿಗೆ ಫೋನಿನಲ್ಲಿ ನಕ್ಕರು. ನಾನು ಅವರನ್ನು ವೈನಿ ಎನ್ನುತ್ತೇನೆ. "ನೀವರ ಬುದ್ಧಿ ಹೇಳ್ರಿ. ಇಲ್ಲೆ ಫ್ರೀಜರ್ ಬಿಟ್ರ ಎಲ್ಲೈತಿ ಐಸು?"

ಅಣ್ಣನಿಗೆ ಬೇಕಾಗಿದ್ದದ್ದು ಮೀನಲ್ಲ, ಐಸೂ ಅಲ್ಲ. ಕಾರಿಗೆ ಕಟ್ಟುವ ಮಾಮೂಲಿ ಕ್ಯಾರವಾನ್ ಆದರೆ ಮೆಟ್ಟಿಲು ಹತ್ತಬೇಕು. ಈ ಮನೆ ಪೂರ್ತಿ ನೆಲಕ್ಕಿಳಿಯುತ್ತದೆ, ಕುರ್ಚಿಯನ್ನು ಹುಲ್ಲಿನ ಮೇಲಿಂದ ಸೀದಾ ಒಳಗೆ ಉರುಳಿಸಬಹುದು. ಎಲ್ಲಾದರೂ ನೀರಿನ ದಂಡೆಗೆ ಹೋಗಿ, ಯಾರೂ ತನ್ನನ್ನು ಎತ್ತಿ ಕೂರಿಸದೆ, ತಾನಾಗಿ ಅದರೊಳಗೆ ಹೋಗಬೇಕು. ಅಷ್ಟೇ ಅವನ ಆಸೆ. ಅವನು ಇಷ್ಟು ಬಿಡಿಸಿ ಹೇಳಿದ್ದನೇ? ಇಲ್ಲ. ಕಾಯಿಲೆಯ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಲಿಲ್ಲ. ಮನೆಯನ್ನು ಎತ್ತಿ ಇಳಿಸುವುದು ಹೇಗೆಂದು ಮಾತಾಡಿದೆವು.

ಚಾಟ್ಸ್‌ವುಡ್‌ನ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚಿಟ್ಟುಕೊಂಡು ನಾನು ಅದನ್ನೇ ಓದುತ್ತಿದ್ದೆ. ಹಿಡಿ ತಿರುಗಿಸಿ ಕೇಬಲ್ ಸುತ್ತುವ ವಿಂಚ್ ಅಗ್ಗ, ಆದರೆ ತೋಳಿನಲ್ಲಿ ಬಲವಿರಬೇಕು. ಹೈಡ್ರಾಲಿಕ್‌ನಲ್ಲಿ ಎಣ್ಣೆಯ ಒತ್ತಡವೇ ಎಲ್ಲ ಕೆಲಸ ಮಾಡುತ್ತದೆ.

"ಹೈಡ್ರಾಲಿಕ್ ಹಾಕ್ಸು ಅಣ್ಣಾ. ಬಟನ್ ಒತ್ತಿದ್ರ ಮುಗೀತು."

"ಎಣ್ಣಿ ಸೋರಿದ್ರ?"

"ರಿಪೇರಿ ಮಾಡ್ಸೂಣು."

"ನಡು ಅಡವ್ಯಾಗ ಬ್ಯಾಟರಿ ಸತ್ರ?"

"ಚಾರ್ಜ್ ಮಾಡಿದ್ರಾತು. ಅದಾದ್ರೂ ಮತ್ತ ಜೀವಾ ಹಿಡೀತೈತಿ."

ಆ ಕಡೆ ಸದ್ದಿಲ್ಲ. ಆಮೇಲೆ, "ಭಾಳ ಶಾಣ್ಯಾ ಆಗೀಯಲೇ," ಎಂದ. ನನ್ನ ಆ ಕೊನೆಯ ಮಾತು ಆಗಲೇ ಆಡಿದ್ದೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ. ಅವನ ಮೌನ ಮಾತ್ರ ಸೇರಿಸಿಕೊಂಡದ್ದಲ್ಲ.

ಸಾದಾ ವಿಂಚ್‌ನಲ್ಲಿ ಒಂದು ಅಪಾಯವಿದೆ. ಎತ್ತುವಾಗ ಕೈ ಜಾರಿದರೆ ಹಿಡಿ ಗಿರ್ರನೆ ಹಿಂದಕ್ಕೆ ತಿರುಗಿ ಮಣಿಕಟ್ಟು ಮುರಿಯುತ್ತದೆ. ಹಾಗೆಂದು ಹೆದರಿಸಿದೆ. ಅವನು ಬ್ರೇಕ್ ಇರುವ ವಿಂಚನ್ನೇ ಹುಡುಕಿ ತರಿಸಿದ. "ಕೈ ಬಿಟ್ರೂ ಅಲ್ಲೇ ನಿಲ್ಲತೈತಿ ನೋಡು," ಎಂದ, ಗೆದ್ದವನ ಹಾಗೆ.

ಮನೆ ಸಿದ್ಧವಾದ ಮೇಲೆ ನಾನು ಮೆಲ್ಬರ್ನ್‌ಗೆ ಹೋದೆ. ಅವನ ಮನೆಯ ಡ್ರೈವ್‌ವೇಯಲ್ಲೇ ಪರೀಕ್ಷೆ. ಇಳಿಸುವುದು ಸಲೀಸಾಯಿತು. ಎತ್ತಬೇಕಾದಾಗ ಒಂದಷ್ಟು ಸುತ್ತು ತಿರುಗಿಸಿದ. ಕೇಬಲ್ ಬಿಗಿಯಾಗಿ, ಮನೆ ಒಂದು ಗೇಣು ಮೇಲೆದ್ದಿತು. ಆಗ ಅವನ ಬೆರಳುಗಳು ಬಿಚ್ಚಿಕೊಂಡವು. ಜಾರಲಿಲ್ಲ, ತಾವಾಗಿಯೇ ಬಿಚ್ಚಿಕೊಂಡವು. ಮತ್ತೆ ಹಿಡಿಯಲು ನೋಡಿದ, ಅವು ಮಡಚಿಕೊಳ್ಳಲಿಲ್ಲ. ಹಿಡಿ ಇದ್ದಲ್ಲೇ ನಿಂತಿತ್ತು. ಬಾಗಿಲಲ್ಲಿ ವೈನಿ ಚಹಾದ ಟ್ರೇ ಹಿಡಿದು ನಿಂತಿದ್ದರು. ನಾವಿಬ್ಬರೂ ಮುಂದೆ ಹೋಗಲಿಲ್ಲ.

"ಬ್ರೇಕ್ ಚಲೋ ಐತಿ," ಎಂದ ಅಣ್ಣ.

ಚಹಾ ಕುಡಿದೆವು. ಅವನ ಕಪ್ಪನ್ನು ವೈನಿ ಹಿಡಿದುಕೊಂಡರು. ಉಳಿದ ಸುತ್ತುಗಳನ್ನು ತಿರುಗಿಸಿದ್ದು ನಾನು ಎಂದು ನನ್ನ ನೆನಪು. ತಾನು ಎಂದು ವೈನಿ ಹೇಳುತ್ತಾರೆ.

ಆ ಮನೆ ಯಾವ ನೀರಿನ ದಂಡೆಗೂ ಹೋಗಲಿಲ್ಲ. ಅವನ ಮಾತು ಕಾಲಿಗಿಂತ ಮೊದಲೇ ಹೋಯಿತು; ಕುರ್ಚಿ ಬಂದಾಗ ಅದರ ಗಾಲಿ ತಳ್ಳುವ ಕೈಗಳಿರಲಿಲ್ಲ. ಅವನು ತೀರಿಕೊಂಡ ಮೇಲೆ ಯಾರೋ ಬಂದು ಮನೆಯನ್ನು ಎಳೆದುಕೊಂಡು ಹೋಗುವ ದಿನ ನಾನು ಅಲ್ಲಿದ್ದೆ. ವಿಂಚ್ ತೀರ ಕೆಳಗಿದೆ ಎಂದು ಆವತ್ತು ಕಣ್ಣಿಗೆ ಬಿತ್ತು. ಅಣ್ಣ ಎತ್ತರದ ಮನುಷ್ಯ. ಪರೀಕ್ಷೆಯ ದಿನ ಅವನು ಬಾಗಿ ತಿರುಗಿಸಿದನೋ, ಸ್ಟೂಲಿನ ಮೇಲೆ ಕೂತೋ, ಎಷ್ಟು ಯೋಚಿಸಿದರೂ ನನಗೆ ಕಾಣುವುದಿಲ್ಲ.

"ಇದನ್ಯಾಕ ಇಷ್ಟು ಕೆಳಗ ಹಾಕ್ಸಿದ್ದ ವೈನಿ?"

ಗಿಡ್ಡ ದೇಹದ ವೈನಿ ನಿಂತಲ್ಲೇ ಕೈ ಚಾಚಿ ಹಿಡಿಯನ್ನು ಮುಟ್ಟಿದರು. "ನನ್ನ ಎತ್ತರಕ್ಕ ಸರಿ ಐತಿ. ನನಗಂತನ ಹಾಕ್ಸೇನಿ ಅಂತ ಮಾತ್ರ ಅವರು ಹೇಳಿಲ್ಲರಿ."

ಕುರ್ಚಿಯಲ್ಲಿ ಕೂತ ತನ್ನ ಕೈಗೆಂದು ಅಲ್ಲಿ ಕೂರಿಸಿದ್ದರೆ, ಅವನಿಗೆ ಕೊನೆಯವರೆಗೂ ಕೈ ಉಳಿಯುವ ಆಸೆಯಿತ್ತು. ವೈನಿಯ ಕೈಗೆಂದಾದರೆ, ನಾವು ವಿಂಚಿನ ಮಾತಾಡುತ್ತಿದ್ದ ಆ ದಿನಗಳಲ್ಲೇ ಅವನಿಗೆ ಎಲ್ಲ ಗೊತ್ತಿತ್ತು. ಯಾವುದು ಎಂದು ನನಗೆ ಗೊತ್ತಿಲ್ಲ.