ಶಿವಾಜಿನಗರದಲ್ಲಿ ಎರಡನೇ ಫೋಟೋ

ವೀಸಾ ಕೌಂಟರಿನಾಕೆ ಅತ್ತಿಗೆಯ ಅರ್ಜಿಯನ್ನು ವಾಪಸು ಕೊಟ್ಟಳು. ಪಾಸ್‌ಪೋರ್ಟಿನ ಮುಖದಲ್ಲಿ ಎಡಗೆನ್ನೆಯ ಮೇಲೆ ಸುಟ್ಟ ಕಲೆಯಿದೆ, ಹೊಸ ಫೋಟೋದಲ್ಲಿ ಇಲ್ಲ. ಮೂರು ಗಂಟೆಯೊಳಗೆ ಬೇರೆ ಫೋಟೋ ತರದಿದ್ದರೆ ಇನ್ನು ಸೋಮವಾರವೇ. ಅಣ್ಣ ಮಸ್ಕತ್ತಿನ ಆಸ್ಪತ್ರೆಯಲ್ಲಿ ವೆಂಟಿಲೇಟರಿನ ಮೇಲಿದ್ದಾನೆ. ಸೋಮವಾರದ ಮಾತನ್ನು ಅಲ್ಲಿಯ ಡಾಕ್ಟರು ಆಡುತ್ತಿಲ್ಲ.

ಬೆಳಿಗ್ಗೆ ಧಾರವಾಡದ ರೈಲಿನಿಂದ ಕಂಟೋನ್ಮೆಂಟಿನಲ್ಲಿ ಇಳಿದ ಮೇಲೆ ಶಿವಾಜಿನಗರದ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಿದ್ದೆವು. ಮತ್ತೆ ಅಲ್ಲಿಗೇ ಆಟೋದಲ್ಲಿ ಓಡಿದೆವು. ಗೋಡೆ ತುಂಬ ಮದುಮಕ್ಕಳ ಫೋಟೋಗಳು. ಒಬ್ಬರ ಮುಖದಲ್ಲೂ ಒಂದು ಚುಕ್ಕೆಯಿಲ್ಲ. ಇದನ್ನು ಬೆಳಿಗ್ಗೆಯೇ ಗಮನಿಸಿದ್ದೆನೋ, ಈಗ ನೋಡಿ ಬೆಳಗಿನ ನೆನಪಿಗೆ ಅಂಟಿಸುತ್ತಿದ್ದೇನೋ, ಗೊತ್ತಿಲ್ಲ.

“ಕಲೆ ತೆಗೀರಿ ಅಂತ ನಾ ಹೇಳಿದ್ನೇನ್ರಿ?” ಅತ್ತಿಗೆ ಕೇಳಿದರು.

“ಯಾರೂ ಹೇಳಲ್ಲಮ್ಮಾ, ನಾವೇ ತೆಗೆದ್ಬಿಡ್ತೀವಿ. ಹಂಗೇ ಬಿಟ್ರೆ ಜನ ಬೈತಾರೆ,” ಎಂದ ಸ್ಟುಡಿಯೋದ ಮುದುಕ. ಅವನ ಮುಖ ಸಣ್ಣಗಾಗಿತ್ತು. “ಕೂತ್ಕೊಳ್ಳಿ. ಅಳಬೇಡಿ. ಕಣ್ಣು ಕೆಂಪಾದ್ರೆ ಅದನ್ನೂ ಬೇಡ ಅಂದ್ಬಿಡ್ತಾರೆ.”

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಲೆಯ ಮೇಲಿದ್ದ ಪೌಡರನ್ನೂ ಒತ್ತಿ ಒರೆಸಿ, ಬಿಳಿ ಪರದೆಯ ಮುಂದೆ ನೆಟ್ಟಗೆ ಕೂತರು. ಅಷ್ಟರಲ್ಲಿ ನನ್ನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ತೆಗೆದು ನೋಡಿದೆ, ಮಸ್ಕತ್ತಿನ ನಂಬರು.

“ಅಲ್ಲಾಡಬೇಡಿ ಅಮ್ಮಾ.”

ಅತ್ತಿಗೆ ಅಲ್ಲಾಡಲಿಲ್ಲ. ಬಾಯಿ ಮುಚ್ಚಿ, ಕಣ್ಣು ಅಗಲಿಸಿ ಕ್ಯಾಮೆರಾವನ್ನೇ ನೋಡುತ್ತಿದ್ದರು. ಫ್ಲ್ಯಾಷ್ ಹೊಡೆಯುವ ತನಕ ನಾನೂ ಫೋನ್ ಎತ್ತಲಿಲ್ಲ.