ಉಸುಕಿದ್ದಲ್ಲಿ ಹೊಳೆ

ಅಮೆರಿಕದ ಷಾರ್ಲೆಟ್‌ನಿಂದ ಪೂರ್ವಕ್ಕೆ ಎರಡು ಗಂಟೆ ಡ್ರೈವ್ ಮಾಡಿದರೆ ಕೆಂಪು ಮಣ್ಣು ಮುಗಿದು ಬಿಳಿ ಮರಳಿನ ದಿಬ್ಬಗಳು ಶುರುವಾಗುತ್ತವೆ. ಮೇಲೆ ಪೈನ್ ಮರ, ಇಳಿಜಾರಿನಲ್ಲಿ ತಂತಿಬೇಲಿ, ಬೇಲಿಯೊಳಗೆ ದನ. ಒಂದು ದಿಬ್ಬ ನೋಡಿದರೆ ನೂರು ನೋಡಿದ ಹಾಗೆ. ಕೋವಿಡ್ ಕಳೆದ ಮರುವರ್ಷ ನಮ್ಮ ಗೃಹಪ್ರವೇಶಕ್ಕೆ ಹಸು-ಕರು ಕೇಳಲು ಅಲ್ಲಿನ ರಾಂಚ್‌ಗೆ ಹೋಗಿದ್ದೆ. ಜೊತೆಗೆ ವಿಜಯಪುರದ ಕಡೆಯಿಂದ ನಮ್ಮಲ್ಲಿಗೆ ಬಂದಿದ್ದ ನನ್ನ ಮಾವ, ಗಂಡನ ತಂದೆ. ಹಸುವನ್ನು ತಾವೇ ನೋಡಿ ಒಪ್ಪಬೇಕೆಂಬ ಹಟ ಅವರದು.

“ಉಸುಕು ನೋಡವ್ವ. ಉಸುಕಿದ್ದಲ್ಲಿ ಹೊಳಿ ಇರಲೇಬೇಕು,” ಎಂದರು ಕಾರಿನಲ್ಲಿ.

“ಇಲ್ಲಿ ಹೊಳೆಗಿಳೆ ಏನೂ ಇಲ್ಲ ಮಾವ, ಸುಮ್ನೆ ಕೂತ್ಕೊಳ್ಳಿ,” ಎಂದೆ. ಮೈಸೂರಿನವಳಾದ ನನಗೆ ಅದು ಬರೀ ಮರಳು.

ರಾಂಚ್‌ನ ಒಡತಿಯ ಜೊತೆ ಮಾತು ಮುಗಿಸಿ ತಿರುಗಿದರೆ ಮಾವ ಇಲ್ಲ. ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡಿದ್ದರು. ಎರಡೇ ತುತ್ತು ತಿಂದು ಮುಚ್ಚಿಟ್ಟ ಉಪ್ಪಿಟ್ಟಿನ ಡಬ್ಬಿ ಸೀಟಿನ ಮೇಲಿತ್ತು, ಪಕ್ಕದಲ್ಲೇ ಅವರ ಫೋನು. ಶುಗರ್ ಇಳಿದು ಎಲ್ಲಾದರೂ ಬಿದ್ದರೆ? ಒಡತಿ ಪಿಕಪ್ ಹತ್ತಿ ರಸ್ತೆಗುಂಟ ಹುಡುಕಲು ಹೊರಟಳು. ಯಾವುದೋ ಕಾಲದಲ್ಲಿ ಇಲ್ಲಿ ಸಮುದ್ರವಿತ್ತು, ಈ ದಿಬ್ಬಗಳಲ್ಲಿ ತಾನೂ ದಾರಿ ತಪ್ಪಿದ್ದುಂಟು ಎಂದಳು. ಅದನ್ನು ಆ ಹೊತ್ತಿನಲ್ಲೇ ಹೇಳಬೇಕಿತ್ತೇ, ಪುಣ್ಯಾತ್ಗಿತ್ತಿ!

ರಸ್ತೆಗೆ ಅವರೇಕೆ ಹೋಗುತ್ತಾರೆ? ಹೊಳೆ ಹುಡುಕಿಕೊಂಡು ಇಳಿಜಾರಿಗೇ ಹೋಗಿರುತ್ತಾರೆ. ಕಾರಿನಲ್ಲಿ ಉಳಿದಿದ್ದ ಮಗಳ ಜ್ಯೂಸ್ ಡಬ್ಬಿ ಹಿಡಿದು ಕೆಳಗೆ ಓಡಿದೆ. ಹೆಜ್ಜೆಗೊಮ್ಮೆ ಕಾಲು ಹೂತುಹೋಗುತ್ತಿತ್ತು.

ತಗ್ಗಿನಲ್ಲಿ ಮಾವ ಮಂಡಿಯೂರಿ, ಮೊಣಕೈವರೆಗೆ ಕೈ ಇಳಿಸಿ ಮರಳು ತೋಡುತ್ತಿದ್ದರು. ಬೇಸಿಗೆಯಲ್ಲಿ ಬತ್ತಿದ ಹೊಳೆಯಲ್ಲಿ ಹೀಗೇ ಒರತೆ ತೋಡುವುದು ಅವರ ಊರಿನ ರೂಢಿ. ಅಂಗಿ ಬೆವರಿನಿಂದ ತೊಯ್ದಿತ್ತು, ಕೈ ನಡುಗುತ್ತಿತ್ತು.

“ಮಾವ!”

“ಯಾರವ್ವ ನೀ?” ಎಂದರು, ಮುಖ ನೋಡಿಯೂ. “ತಡಿ, ಇನ್ನೊಂದು ಗೇಣು ತೋಡಿದ್ರ ನೀರು ಬರತೈತಿ.”

ಗದರಿಸಿ ಜ್ಯೂಸ್ ಕುಡಿಸಿದೆ. ಮರಳಿನಲ್ಲೇ ಕೂತು ಕಾದೆ. ಹತ್ತು ನಿಮಿಷಕ್ಕೆ ಕಣ್ಣು ತಿಳಿಯಾಯಿತು. ತಾವು ತೋಡಿದ ಒಣಗುಂಡಿಯನ್ನು ನೋಡಿದರು, ನನ್ನನ್ನು ನೋಡಿದರು.

“ಮನಿಯಾಗ ಹೇಳಬ್ಯಾಡವ್ವ.”

“ಇಲ್ಲ ಮಾವ, ಹೇಳಲ್ಲ.”

ಅಂದು ಸಂಜೆಯೇ ಗಂಡನಿಗೆ ಹೇಳಿದೆ. ಮಾವ ಒಬ್ಬರೇ ವಾಕಿಂಗ್ ಹೋಗುವುದು ಮರುದಿನದಿಂದಲೇ ನಿಂತಿತು. ನಾನು ಮಾಡಿದ್ದು ತಪ್ಪೆಂದು ಇವತ್ತಿಗೂ ಅನ್ನಿಸಿಲ್ಲ. ಆದರೆ ಗುರುತು ಸಿಗದಿದ್ದಾಗಲೂ ನನ್ನನ್ನು ಅವ್ವ ಎಂದಿದ್ದವರು, ಊರಿಗೆ ವಿಮಾನ ಹತ್ತುವವರೆಗೆ ಮತ್ತೆ ಹಾಗೆ ಕರೆಯಲೇ ಇಲ್ಲ.